ಅರವತ್ತನಾಲ್ಕು ಅಕ್ಷರದ ವಂಶಾವಳಿ

ಕುಳಿತವರು ಒಂದಿಷ್ಟು ಸರಿದು ಜಾಗ ಬಿಟ್ಟರೆ ಶಾರ್ಶೆನ್‌ನನ್ನೂ ನಡುವೆ ಕೂರಿಸಿಕೊಳ್ಳಬಹುದು. ಕಥೆ ಸಣ್ಣದು, ಆಸಾಮಿ ಮಾತ್ರ ಸ್ವಲ್ಪ ಅಗಲ.

ದೇವರು ಒಬ್ಬೊಬ್ಬರನ್ನು ಒಂದೊಂದು ಕೆಲಸಕ್ಕೆಂದು ಭೂಮಿಗೆ ಕಳಿಸುತ್ತಾನೆ. ಕೆಲವರನ್ನು ಕುದುರೆ ಪಳಗಿಸಲು, ಕೆಲವರನ್ನು ಊರಾಳಲು, ಇನ್ನು ಕೆಲವರನ್ನು ಆ ಇಬ್ಬರ ಮೇಲೂ ದೂರು ಹೇಳಲು. ಶಾರ್ಶೆನ್‌ನನ್ನು ಕಳಿಸಿದ್ದು ನಮ್ಮ ಕಿರ್ಗಿಜ್ ನಾಡಿನ ಕಾರಾತಾಲ್ ಪಟ್ಟಣದ ಹೊಳೆಯಾಚೆಗಿನ ಇನ್ನೂರ ಹದಿನಾಲ್ಕು ಮನೆಗಳ ಕರೆಂಟು ಮೀಟರ್ ಓದಲು. ಇಪ್ಪತ್ತಮೂರು ವರ್ಷದಿಂದ ಆ ಕೆಲಸವನ್ನು ಅವನು ನಮಾಜಿನಷ್ಟೇ ಶ್ರದ್ಧೆಯಿಂದ, ನಮಾಜಿಗಿಂತ ತುಸು ಹೆಚ್ಚು ನಿಯಮವಾಗಿ ಮಾಡಿಕೊಂಡು ಬಂದಿದ್ದ.

ಒಂದು ಮೀಟರ್ ಓದಲು ಸೀನು ಬಂದು ಹೋಗುವಷ್ಟು ಹೊತ್ತು ಸಾಕು. ಆದರೆ ಬಾಗಿಲಿಗೆ ಬಂದವನ ಕೈಯಲ್ಲಿ ಒಂದು ಚೂರು ರೊಟ್ಟಿಯನ್ನಾದರೂ ಮುರಿಸದೆ ಕಳಿಸುವ ಮನೆ ನಮ್ಮ ಕಡೆ ಇಲ್ಲ. ರೊಟ್ಟಿಯ ಹಿಂದೆ ಚಹಾ, ಚಹಾದ ಹಿಂದೆ ಕರಿದ ಬೋರ್ಸೋಕ್, ಬೋರ್ಸೋಕಿನ ಹಿಂದೆ ಆ ಮನೆಯ ಸುದ್ದಿ. ಯಾರ ಹಸು ಕರು ಹಾಕಿತು, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಅವಳನ್ನು ಕರೆತರಲು ಹೋದವನು ಅಲ್ಲೇ ಯಾಕೆ ಉಳಿದ, ಎಲ್ಲವೂ ಶಾರ್ಶೆನ್‌ನ ತಲೆಯಲ್ಲಿ ಮನೆ ನಂಬರಿನ ಪ್ರಕಾರ ಜೋಡಿಸಿಟ್ಟಿತ್ತು. ಆ ಬೀದಿಗಳು ಕೈತಪ್ಪಿದರೆ ಅವನಲ್ಲಿ ಉಳಿಯುವುದು ಅಗಲ ಮಾತ್ರ.

ಆ ಬೀದಿಗಳೇ ಒಂದು ಶುಕ್ರವಾರ ಕೈತಪ್ಪುವ ಹಾಗಾಯಿತು.

ವಿದ್ಯುತ್ ಕಚೇರಿಯ ಮೇಲಧಿಕಾರಿ ಶಾಯ್ಲೋಬೆಕ್ ಚುನಾವಣೆಯ ದಿನ ಹುಟ್ಟಿದವನು. ನಮ್ಮ ಮಾತಿನಲ್ಲಿ ಶಾಯ್ಲೋ ಅಂದರೆ ಚುನಾವಣೆ, ಅದಕ್ಕೇ ಆ ಹೆಸರು. ಅಂದಿನಿಂದಲೂ ಅವನು ಭಾಷಣದ ಧಾಟಿಯಲ್ಲಿಯೇ ಉಸಿರಾಡುತ್ತಿದ್ದ. ಹನ್ನೊಂದು ಜನ ಮೀಟರ್ ಓದುವವರನ್ನು ಸಾಲಾಗಿ ನಿಲ್ಲಿಸಿ ಘೋಷಿಸಿದ:

"ಸೋಮವಾರದಿಂದ ನೋಟುಪುಸ್ತಕ ಬಂದ್! ಮೀಟರಿನ ಫೋಟೋ ತೆಗೀಬೇಕು, ಆಪ್‌ನಲ್ಲಿ ಕಳಿಸ್ಬೇಕು. ಯಾರ ಫೋನಲ್ಲಿ ಆಪ್ ತೆರೆಯೋದಿಲ್ವೋ ಅವರು ಕಂಬದ ಗೋದಾಮಿಗೆ. ಅವರ ಬೀದಿ ಬೇರೆಯವರಿಗೆ."

ಎಲ್ಲರ ಕಣ್ಣೂ ಶಾರ್ಶೆನ್‌ನ ಜೇಬಿನ ಕಡೆಗೆ ಹೊರಳಿತು. ಒಂಬತ್ತು ವರ್ಷದ ಆ ಫೋನು ಇಡೀ ಕಚೇರಿಗೆ ಪರಿಚಿತ. ಚಳಿಗಾಲದಲ್ಲಿ ಅದನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡದಿದ್ದರೆ ಅದು "ಹಲೋ" ಕೂಡ ಅನ್ನುತ್ತಿರಲಿಲ್ಲ.

"ಶಾರ್ಶೆನ್ ಬಾಯ್ಕೆ, ಅಣ್ಣಾ, ಗೋದಾಮಲ್ಲಿ ಒಲೆ ಇಲ್ಲ. ಎರಡು ಕೋಟು ತಗೊಂಡು ಹೋಗಿ" ಎಂದನೊಬ್ಬ. ಹತ್ತು ಜನ ನಕ್ಕರು.

ಆಗ ಸುಮ್ಮನಿದ್ದಿದ್ದರೆ ಈ ಕಥೆ ಇಲ್ಲ. ಆದರೆ ನಾಲಿಗೆಯನ್ನು ದೇವರು ಮೂಳೆಯಿಲ್ಲದೆ ಮಾಡಿದ್ದಾನೆ. ಶಾರ್ಶೆನ್ ತಲೆಯ ಕಲ್ಪಾಕ್ ಟೊಪ್ಪಿಯನ್ನು ಸರಿಮಾಡಿಕೊಂಡು, ಬಜಾರಿನಲ್ಲಿ ಎಂದೋ ಕಿವಿಗೆ ಬಿದ್ದ ಒಂದು ಮಾತನ್ನು ತನ್ನದೇ ಎಂಬಂತೆ ಆಡಿದ:

"ಫೋನು ಹಳೇದಾದ್ರೆ ಏನಾಯ್ತು? ಒಳಗಿನ ಸಾಫ್ಟ್‌ವೇರ್ ಬದಲಾಯಿಸಿದ್ರೆ ಆಯ್ತಪ್ಪ. ನಾನೇ ಮನೇಲಿ ಕೂತು ಬದಲಾಯಿಸ್ತೀನಿ."

"ನೀನು?" ಎಂದ ಶಾಯ್ಲೋಬೆಕ್.

"ನಾನೇ."

ನಗು ನಿಂತಿತು. ಆ ಮೌನ ಶಾರ್ಶೆನ್‌ಗೆ ಎಷ್ಟು ರುಚಿಸಿತೆಂದರೆ ಮನೆಯ ಅರ್ಧ ದಾರಿಯವರೆಗೂ ಅದನ್ನೇ ಚಪ್ಪರಿಸುತ್ತ ನಡೆದ. ಉಳಿದರ್ಧ ದಾರಿಯಲ್ಲಿ ಹೆದರಿಕೆ ಶುರುವಾಯಿತು. ಹಿಂದಿರುಗಿ ಬಜಾರಿನ ಕಡೆಗೆ ಓಡಿದ.

ಬಜಾರಿನಲ್ಲಿ, ಕಬ್ಬಿಣದ ಹಳೆಯ ಕಂಟೇನರಿನೊಳಗೆ, ಬುರ್ಮಾಕಾನ್ ಎಜೆಯ, ಅಂದರೆ ಬುರ್ಮಾಕಾನ್ ಅಕ್ಕನ, ಫೋನು ರಿಪೇರಿ ಅಂಗಡಿ. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತಳಾದವಳು. ಊರಿನ ಅರ್ಧ ಕಿವಿಗಳನ್ನು ಹಿಂಡಿದ ಕೈ ಅದು, ಶಾರ್ಶೆನ್‌ನ ಎರಡೂ ಅದರಲ್ಲಿ ಸೇರಿದ್ದವು. ವಿಷಯ ಕೇಳಿದವಳೇ, ಸೋಮವಾರವೇ ಬೇಕೆಂದರೆ ಶನಿವಾರ ಬೆಳಿಗ್ಗೆ ಬಾ ಎಂದು ಫೋನು ಕಸಿದಿಟ್ಟುಕೊಂಡಳು.

ಶನಿವಾರ ಬೆಳಿಗ್ಗೆ ಹೋದಾಗ ಎಜೆ ಕೋಟು ತೊಟ್ಟು ಚೀಲ ಹಿಡಿದು ನಿಂತಿದ್ದಳು. ಬಿಡಿಭಾಗ ತರಲು ಬಿಷ್ಕೆಕ್‌ಗೆ ಹೊರಟಿದ್ದಳು, ಬರುವುದು ಬುಧವಾರ. ಹೊರಗೆ ಬಾಡಿಗೆ ಕಾರಿನವನು ಆಗಲೇ ಒಂದು ಸಲ ಹಾರ್ನ್ ಹೊಡೆದಿದ್ದ.

"ನೋಡು, ಫೋನಿನ ಬೀಗ ತೆಗೆದಿದೀನಿ. ಸಾಫ್ಟ್‌ವೇರ್ ಫೈಲು ಈ ಕಾರ್ಡಲ್ಲಿದೆ. ಇದು ಕಂಪನಿಯದ್ದಲ್ಲ, ಬಲ್ಲವರು ನಾಲ್ಕು ಜನ ಸೇರಿ ಹಳೇ ಫೋನಿಗೇ ಅಂತ ಮಾಡಿ ಪುಕ್ಕಟೆ ಕೊಟ್ಟಿದ್ದು. ಈ ಎರಡು ಗುಂಡಿ ಒಟ್ಟಿಗೆ ಒತ್ತಿದ್ರೆ ಒಂದು ಪಟ್ಟಿ ಬರುತ್ತೆ, ಅಲ್ಲಿ ಫೈಲು ಆರಿಸು, 'ಹಾಕು' ಅನ್ನು. ಅಷ್ಟೆ."

"ಅಷ್ಟೇನಾ?" ಶಾರ್ಶೆನ್‌ನ ಎದೆ ಮತ್ತೆ ಉಬ್ಬಿತು.

"ಇನ್ನೂ ಇದೆ, ಕೇಳಿಸ್ಕೋ. ಇಳಿಸ್ಕೊಳ್ಳೋವಾಗ ನೆಟ್ ಕೈಕೊಡ್ತು. ಎರಡು ಸಲ ಇಳಿಸ್ದೆ. ಕಾರ್ಡಲ್ಲಿ ಎರಡು ಫೈಲಿವೆ. ಒಂದು ಪೂರ್ತಿ ಬಂದಿದೆ, ಒಂದು ದಾರೀಲಿ ಕೆಟ್ಟಿದೆ. ಯಾವ್ದು ಯಾವ್ದು ಅಂತ ನೋಡೋಕೆ ನಂಗೆ ಹೊತ್ತಿಲ್ಲ, ನೀನೇ ನೋಡ್ಕೋ."

"ಹೇಗೆ ಎಜೆ? ಎರಡೂ ಒಂದೇ ಥರ ಕಾಣ್ತಿದೆಯಲ್ಲ."

"ಪ್ರತಿ ಫೈಲಿಗೂ ಒಂದು ವಂಶಾವಳಿ ಇರುತ್ತೆ ಅಂದ್ಕೋ. ಅರವತ್ತನಾಲ್ಕು ಅಕ್ಷರದ್ದು. ಒಳಗೆ ಒಂದು ಚುಕ್ಕೆ ಆಚೀಚೆ ಆದ್ರೂ ವಂಶಾವಳಿ ಪೂರ್ತಿ ಬೇರೆ ಆಗ್ಬಿಡುತ್ತೆ. ಮಾಡಿದವರು ವೆಬ್‌ಸೈಟಲ್ಲಿ ಬರೆದಿಟ್ಟಿದ್ದನ್ನ ಈ ಚೀಟೀಲಿ ಅಚ್ಚು ಹಾಕಿ ಕೊಟ್ಟಿದೀನಿ. ಫೋನಲ್ಲಿ ಫೈಲಿನ ಮೇಲೆ ಬೆರಳಿಟ್ಟು ಇದನ್ನ ಒತ್ತು, ಅದು ತನ್ನ ವಂಶಾವಳಿ ತಾನೇ ಹೇಳುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸು."

"ಹೋಲಿಸಿ?"

ಕಾರಿನವನು ಈ ಬಾರಿ ಹಾರ್ನಿನ ಮೇಲೆ ಕೈಯಿಟ್ಟು ತೆಗೆಯಲೇ ಇಲ್ಲ. ಎಜೆ ಕಂಟೇನರಿಗೆ ಬೀಗ ಜಡಿಯುತ್ತ ಕಿರುಚಿದಳು:

"ಹೋಲಿಸಿ ಅಂದ್ರೇನೋ? ವಂಶಾವಳಿ ಹೋಲಿಸಿದ ಮೇಲೆ ಏನು ಮಾಡ್ಬೇಕು ಅಂತ ಕಿರ್ಗಿಜನಿಗೆ ನಾನು ಹೇಳಿಕೊಡ್ಬೇಕಾ? ಸರಿ ಇದ್ದಿದ್ದನ್ನ ಸೇರಿಸು, ಇಲ್ಲದ್ದನ್ನ ಬಿಸಾಕು. ನೋಡದೆ ಮಾತ್ರ ಹಾಕ್ಬೇಡ, ಫೋನು ಕಲ್ಲಾಗಿ ಕೂರುತ್ತೆ!"

ಕಾರು ಧೂಳೆಬ್ಬಿಸಿ ಹೋಯಿತು. ಶಾರ್ಶೆನ್ ಆ ಧೂಳಿಗೆ ತಲೆಯಾಡಿಸಿ, "ಗೊತ್ತು ಗೊತ್ತು" ಎಂದ.

ಅವನಿಗೆ ಗೊತ್ತಿದ್ದುದು ನಿಜ. ಎರಡು ವಂಶಾವಳಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ನಮ್ಮಲ್ಲಿ ಮದುವೆಯ ಮಾತು ಬಂದಾಗ. ಹುಡುಗನ ಏಳು ತಲೆಮಾರಿನ ಹೆಸರು, ಹುಡುಗಿಯ ಏಳು ತಲೆ. ಏಳರೊಳಗೆ ಒಂದು ಹೆಸರು ಹೊಂದಿತೋ, ಮುಗಿಯಿತು. ಅವರು ಒಂದೇ ರಕ್ತ, ಚಹಾ ಕುಡಿದು ಎದ್ದುಹೋಗಬೇಕು. ಹೊಂದಲಿಲ್ಲವೋ, ದೇವರು ದೊಡ್ಡವನು, ಕುರಿ ತನ್ನಿ. ಹಿರಿಯರು ಕಟ್ಟಿಕೊಟ್ಟ ಈ ನಿಯಮದಿಂದ ನಮ್ಮ ಜನ ಇಷ್ಟು ಕಾಲ ಗಟ್ಟಿಯಾಗಿ ಉಳಿದಿದ್ದಾರೆ. ಫೋನುಗಳು ಉಳಿಯುತ್ತವೆಯೇ ಎಂದು ಹಿರಿಯರನ್ನು ಯಾರೂ ಕೇಳಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಶಾರ್ಶೆನ್ ಗಿಡ್ಡ ಮೇಜಿನ ಮೇಲೆ ಫೋನು, ಚೀಟಿ, ಕನ್ನಡಕಗಳನ್ನು ಹರಡಿಕೊಂಡು ಕೂತಿದ್ದ. ಅವನ ಹೆಂಡತಿ ಸಾಲ್ಕಿನ್ ಕಂಬಳಿಗೆ ಉಣ್ಣೆಯ ಹೂವು ಕತ್ತರಿಸುತ್ತಿದ್ದಳು.

"ನೀನು ಫೋನು ಓದು, ನಾನು ಚೀಟಿ ಓದ್ತೀನಿ. ಯಾರಿಗೂ ಹೇಳ್ಬೇಡ" ಎಂದ.

ಅಷ್ಟರಲ್ಲಿ ಪಕ್ಕದ ಮನೆಯ ಜಾಪಾರ್ ಏಣಿ ಕೇಳಲು ಬಂದ. ಲಾರಿ ಓಡಿಸುವ ಜಾಪಾರ್‌ಗೆ ಗಂಟಲೂ ಲಾರಿಯದ್ದೇ.

"ಏನಿದು ಶಾರ್ಶೆನ್? ಪರೀಕ್ಷೆಗೆ ಓದ್ಕೋತಿದೀಯಾ?"

"ಏನಿಲ್ಲ ಮಾರಾಯ. ಫೋನಿಗೂ ಫೈಲಿಗೂ ವಂಶಾವಳಿ ನೋಡ್ತಿದೀನಿ."

ಜಾಪಾರ್ ಏಣಿಯನ್ನು ಮರೆತ. "ನೀನಾ? ನಿನ್ನ ಏಳು ತಲೆ ಹೇಳೋವಾಗ್ಲೇ ಐದನೇ ಅಜ್ಜನ್ನ ಬಿಟ್ಟು ಆರನೆಯವರಿಗೆ ಹಾರ್ತೀಯ. ತಪ್ಪಿ ಒಂದು ಸಂಬಂಧ ಕೂಡಿಸಿಬಿಟ್ರೆ ಪಾಪ ಯಾರಿಗೆ? ಇರು, ಬಲ್ಲವರನ್ನ ಕರೀತೀನಿ."

ಬಲ್ಲವರೆಂದರೆ ಅಕ್ಸಕಲ್ ಮುಕಾಂಬೆತ್, ಎಂಬತ್ತೊಂದು ವರ್ಷದ ಬಿಳಿಗಡ್ಡ. ಇಡೀ ಕಣಿವೆಯ ವಂಶಾವಳಿ ಅವರ ನಾಲಿಗೆಯ ತುದಿಯಲ್ಲಿತ್ತು. ಹದಿನಾರು ಮದುವೆಗಳನ್ನು ಕೊನೆಯ ಗಳಿಗೆಯಲ್ಲಿ ತಡೆದವರು. ಆ ಹದಿನಾರು ಗಂಡಸರಲ್ಲಿ ಹಲವರು ಈಗಲೂ ಹಬ್ಬಕ್ಕೆ ಅವರಿಗೆ ಕುದುರೆ ಹಾಲಿನ ಕುಮಿಸ್ ಕಳಿಸುತ್ತಾರೆ.

ಅಕ್ಸಕಲ್ ಒಬ್ಬರೇ ಎಲ್ಲಿಗೂ ಹೋಗುವವರಲ್ಲ. ಯಾವುದೋ ಸಂಬಂಧ ನೋಡುತ್ತಿದ್ದಾರಂತೆ ಎಂಬ ಸುದ್ದಿ ಮುಂದೆ ಮುಂದೆ ಹೋಗುತ್ತದೆ, ಜನ ಹಿಂದೆ ಹಿಂದೆ ಬರುತ್ತಾರೆ. ಗಳಿಗೆಯಲ್ಲಿ ಮನೆ ತುಂಬಿತು. ಸಾಲ್ಕಿನ್ ಕತ್ತರಿ ಬಿಟ್ಟು ಕೆಟಲ್ ಹಿಡಿದು ಬಾಗಿಲ ಬಳಿಯ ಸೊಸೆಯ ಜಾಗದಲ್ಲಿ ಕೂತಳು. ಅಕ್ಸಕಲ್ ಎದುರಿನ ಗೌರವದ ದಿಂಬಿಗೆ ಒರಗಿ ಕೇಳಿದರು:

"ಹೆಣ್ಣಿನ ಕಡೆ ಯಾವುದು, ಗಂಡಿನ ಕಡೆ ಯಾವುದು?"

ಶಾರ್ಶೆನ್ ಚೀಟಿಯನ್ನು ತಿರುಗಿಸಿ ನೋಡಿದ. "ಚೀಟಿ ಫೋನಿನ ಕಡೇದು ಅಕ್ಸಕಲ್. ನೆತ್ತಿ ಮೇಲೆ ಫೋನಿನ ಹೆಸರೇ ಇದೆ. ಮನೆಯಲ್ಲಿರೋದು ಫೋನು, ಹೊರಗಿಂದ ಬಂದಿದ್ದು ಫೈಲು. ಅಂದ್ರೆ ಫೋನೇ ಹೆಣ್ಣು."

"ವಯಸ್ಸು?"

"ಒಂಬತ್ತು."

"ಒಂಬತ್ತಾ!" ಎಂದು ಹಿಂದಿದ್ದವರು ಗುಜುಗುಜು ಎಂದರು.

"ಫೋನಿನ ಲೆಕ್ಕದಲ್ಲಿ ಮುದುಕೀನೇ" ಎಂದು ಜಾಪಾರ್ ಸಮಾಧಾನ ಮಾಡಿದ.

"ಓದಮ್ಮ" ಎಂದರು ಅಕ್ಸಕಲ್. ಸಾಲ್ಕಿನ್ ಫೋನು ತೆಗೆದುಕೊಂಡು, ಹೂವಿನ ನಕ್ಷೆಯ ಕಾಗದದ ಅಂಚಿನಲ್ಲಿ ಬರೆದುಕೊಳ್ಳುತ್ತ, ಮೊದಲ ಫೈಲಿನದ್ದನ್ನು ಓದಿದಳು. ಶಾರ್ಶೆನ್ ಚೀಟಿಯದ್ದನ್ನು.

"ಒಂಬತ್ತು."

"ಒಂಬತ್ತು."

"ಎಫ್."

"ಎಫ್."

ಅಕ್ಸಕಲರ ಹುಬ್ಬು ಸ್ವಲ್ಪ ಮೇಲೇರಿತು.

"ಮೂರು." "ಮೂರು." "ಸೊನ್ನೆ." "ಸೊನ್ನೆ." "ಬಿ." "ಬಿ."

ಐದನೆಯದಕ್ಕೆ ಯಾರೋ "ಅಯ್ಯೋ" ಎಂದರು. ಏಳನೆಯದೂ ಹೊಂದಿದಾಗ ಅಕ್ಸಕಲ್ ಕೈಯೆತ್ತಿ ನಿಲ್ಲಿಸಿದರು.

"ಏಳು ಮುಗೀತು. ಏಳೂ ಒಂದೇ."

"ಪೂರ್ತಿ ಓದಿಬಿಡ್ಲಿ ಅಕ್ಸಕಲ್. ಮೇಲೆ ಹೋದ ಹಾಗೆ ಬೇರೆ ಆದ್ರೂ ಆಗ್ಬಹುದು" ಎಂದ ಶಾರ್ಶೆನ್ ಅಂಗಲಾಚುತ್ತ.

ಪೂರ್ತಿ ಓದಿದರು. ಅರವತ್ತನಾಲ್ಕೂ ಹೊಂದಿತು.

"ಅರವತ್ತನಾಲ್ಕು ತಲೆ!" ಅಕ್ಸಕಲ್ ಗಡ್ಡ ಹಿಡಿದುಕೊಂಡರು. "ನನ್ನ ಆಯುಷ್ಯದಲ್ಲಿ ಇಂಥಾ ರಕ್ತ ನೋಡಿಲ್ಲ. ಇವು ಅಣ್ಣ ತಂಗಿ ಕೂಡ ಅಲ್ಲಪ್ಪ. ಇವೆರಡೂ ಒಂದೇ ಮಗು!"

ಆ ದಿನ ಆ ಮನೆಯಲ್ಲಿ ಆಡಿದ ಮಾತುಗಳಲ್ಲಿ ಅಷ್ಟು ಸರಿಯಾದ ಮಾತು ಇನ್ನೊಂದಿಲ್ಲ. ಆದರೆ ಸರಿಯಾದ ಮಾತು ತಪ್ಪು ಬಾಗಿಲಿಂದ ಬಂದರೆ ಏನು ಮಾಡುವುದು?

"ಇನ್ನೊಂದು ಗಂಡಿದೆ, ಅಕ್ಸಕಲ್" ಎಂದ ಶಾರ್ಶೆನ್.

ಎರಡನೆಯ ಫೈಲಿನದ್ದನ್ನು ಸಾಲ್ಕಿನ್ ಓದಿದಳು. "ನಾಲ್ಕು."

"ಒಂಬತ್ತು!" ಎಂದು ಶಾರ್ಶೆನ್ ಕೂಗಿದ. ಮನೆಯೆಲ್ಲ ಉಸಿರು ಬಿಟ್ಟಿತು.

"ಇ." "ಎಫ್!" "ಏಳು." "ಮೂರು!" ಒಂದೊಂದು ತಪ್ಪಿದಾಗಲೂ ಜನ ತೊಡೆ ತಟ್ಟಿದರು. ಹನ್ನೊಂದನೆಯದು ಮಾತ್ರ ಎರಡೂ ಕಡೆ ಸಿ ಎಂದು ಬಂದು ಎಲ್ಲರ ಎದೆ ಧಸಕ್ಕೆಂದಿತು. ಅಕ್ಸಕಲ್ ಕೈಬೀಸಿ, "ಏಳು ದಾಟಿದೆ, ಬಿಡಿ. ಅಷ್ಟು ದೂರ ಹೋದ್ರೆ ನಾವೆಲ್ಲಾ ಆದಮನ ಮಕ್ಕಳೇ" ಎಂದು ಆ ಸಂಕಟವನ್ನೂ ನಿವಾರಿಸಿದರು.

"ರೀ," ಬಾಗಿಲ ಬಳಿಯಿಂದ ಸಾಲ್ಕಿನ್ ಮೆಲ್ಲಗೆ ಕರೆದಳು, "ಎಜೆ ಒಂದು ಕೆಟ್ಟಿದೆ ಅಂದಿದ್ರಲ್ಲ. ಯಾವುದು ಅಂತ?"

"ಮೊದಲನೇದು. ಒಡಹುಟ್ಟಿದವಳನ್ನ ಕೇಳ್ಕೊಂಡು ಬಂದಿದೆಯಲ್ಲ, ಇನ್ನೆಷ್ಟು ಕೆಡ್ಬೇಕು?"

ಅಕ್ಸಕಲ್ ಅಂಗೈಗಳನ್ನು ತೆರೆದು ಆಶೀರ್ವಾದ ಮಾಡಿದರು. ಇಬ್ಬರೂ ಒಟ್ಟಿಗೆ ಮುದುಕರಾಗಲಿ, ಬ್ಯಾಟರಿ ಬರಿದಾಗದಿರಲಿ, ಮೀಟರುಗಳ ಫೋಟೋ ನಿಚ್ಚಳವಾಗಿ ಬರಲಿ. ಎಲ್ಲರೂ "ಓಮಿಯಿನ್" ಎಂದು ಮುಖ ಸವರಿಕೊಂಡರು. ಶಾರ್ಶೆನ್ ಎರಡು ಗುಂಡಿ ಒತ್ತಿ, ಪಟ್ಟಿಯಿಂದ ಎರಡನೆಯ ಫೈಲನ್ನು ಆರಿಸಿ, ದೇವರ ಹೆಸರು ಹೇಳಿ, 'ಹಾಕು' ಎಂದ.

ನೀಲಿ ಗೆರೆಯೊಂದು ಹೊರಟಿತು. ಅರ್ಧ ದಾರಿಗೆ ಬಂದು ನಿಂತಿತು. ಕೆಂಪಕ್ಷರದಲ್ಲಿ ಏನೋ ಬಂದು ಹೋಯಿತು. ಫೋನು ಆರಿ ಹೊತ್ತಿಕೊಂಡು ಕಂಪನಿಯ ಗುರುತು ತೋರಿಸಿತು, ಮತ್ತೆ ಆರಿತು, ಮತ್ತೆ ತೋರಿಸಿತು.

"ಮದುಮಗಳು ಮುಸುಕು ತೆಗೆಯೋಕೆ ನಾಚ್ಕೋತಿದಾಳೆ" ಎಂದ ಜಾಪಾರ್.

ಮೂರು ಕೆಟಲ್ ಚಹಾ ಮುಗಿದರೂ ಮದುಮಗಳು ಮುಸುಕು ತೆಗೆಯಲಿಲ್ಲ. ಜಾಪಾರ್‌ನ ಫೋನಿನಿಂದ ಎಜೆಗೆ ಕರೆ ಮಾಡಿದರು. ಅವಳು ಆಗ ದೊಲೊನ್ ಘಟ್ಟದ ಮೇಲಿದ್ದಳು, ಅಲ್ಲಿ ಗಾಳಿ ಬಿಟ್ಟು ಬೇರೇನೂ ಸಿಗುವುದಿಲ್ಲ. ಆಮೇಲೆ ಸಿಗಬೇಕಾದ ಹೊತ್ತಿಗೆ ಅವಳ ಫೋನೇ ಆರಿಹೋಗಿತ್ತು. ಫೋನು ರಿಪೇರಿ ಮಾಡುವವರ ಫೋನು ಎಂದೂ ಸರಿಯಿರುವುದಿಲ್ಲ.

ಭಾನುವಾರ ಬೆಳಗಾಗುತ್ತಲೇ ಜನ ಸಾವಿನ ಮನೆಗೆ ಬರುವ ಹಾಗೆ ಬರತೊಡಗಿದರು. ಕೆಲವರು ರೊಟ್ಟಿ ತಂದರು. ಕೆಟ್ಟ ಕಣ್ಣು ಬಿದ್ದಿದೆ ಎಂದರೊಬ್ಬರು. ಕುರಿ ಕೊಯ್ಯದೆ ಮದುವೆ ಮಾಡಿದರೆ ಇನ್ನೇನಾಗುತ್ತೆ ಎಂದರು ಇನ್ನೊಬ್ಬರು. ಹತ್ತು ಗಂಟೆಗೆ ಬಂದ ಅಕ್ಸಕಲ್ ಮಾತ್ರ ಗಂಡಿನ ಕಡೆಯವರು ಏನೋ ರೋಗ ಮುಚ್ಚಿಟ್ಟಿದ್ದಾರೆ ಎಂದು ತೀರ್ಮಾನಿಸಿದರು. ಅದೂ ಅಷ್ಟೇನೂ ತಪ್ಪಾಗಿರಲಿಲ್ಲ.

"ನಾಳೆಯಿಂದ ಗೋದಾಮು" ಎಂದ ಶಾರ್ಶೆನ್. ಅವನ ಧ್ವನಿ ಇಳಿದುಹೋಗಿತ್ತು. "ಇಪ್ಪತ್ತಮೂರು ವರ್ಷ ನಡೆದ ಬೀದಿ."

"ಕಂಬಗಳೂ ಒಳ್ಳೆಯವೇ ಬಿಡು" ಎಂದ ಜಾಪಾರ್. "ಚಹಾ ಕೊಡಲ್ಲ, ಆದ್ರೆ ಎದುರು ಮಾತೂ ಆಡಲ್ಲ."

ಯಾರೂ ನಗಲಿಲ್ಲ. ಜಾಪಾರ್‌ಗೂ ತನ್ನ ಮಾತು ಹಿಡಿಸಲಿಲ್ಲವೆಂದು ಕಾಣುತ್ತದೆ. ಚಹಾದ ಬಟ್ಟಲನ್ನು ಸುಮ್ಮನೆ ಕೈಯಲ್ಲಿ ತಿರುಗಿಸಿದ.

ಆಗ ಬಾಗಿಲ ಬಳಿ ಕೂತಿದ್ದ ಸಾಲ್ಕಿನ್ ಕೆಟಲ್ ಕೆಳಗಿಟ್ಟಳು.

"ಅಕ್ಸಕಲ್, ಒಂದು ಮಾತು ಕೇಳ್ಲಾ?"

"ಕೇಳು ಮಗಳೇ."

"ಹೋದ ಚಳಿಗಾಲ ತಲಾಸ್ ಕಡೆಯಿಂದ ಒಬ್ಬರು ಬಂದು, ನಾನು ನಿಮ್ಮ ಚಿಕ್ಕಜ್ಜನ ಮೊಮ್ಮಗ ಅಂತ ನಿಮ್ಮ ಬಾಗಿಲು ತಟ್ಟಿದ್ರಲ್ಲ. ಅವರನ್ನ ಏನು ಕೇಳಿದ್ರಿ?"

"ಇನ್ನೇನು ಕೇಳ್ತಾರೆ? ಏಳು ತಲೆ ಹೇಳು ಅಂದೆ."

"ಹೇಳಿದ್ರಾ?"

"ತಡವರಿಸದೆ ಹೇಳ್ದ. ಅಜ್ಜಂದಿರು ನಮ್ಮ ಅಜ್ಜಂದಿರೇ. ಒಂದು ಹೆಸರೂ ಆಚೀಚೆ ಇಲ್ಲ."

"ಒಂದೇ ರಕ್ತ ಅಂತ ಹೊರಗೆ ಕಳಿಸಿದ್ರಾ?"

"ಹೊರಗಾ?" ಅಕ್ಸಕಲ್ ನೆಟ್ಟಗೆ ಕೂತರು. "ತಬ್ಕೊಂಡು ಅತ್ತೆ ಕಣಮ್ಮ! ಕುರಿ ಕೊಯ್ದೆ!"

"ಹೆಸರು ಹೊಂದದೆ ಹೋಗಿದ್ರೆ?"

"ಕಳ್ಳ ನನ್ಮಗ ಅಂತ ನಾಯಿ ಬಿಡ್ತಿದ್ದೆ."

ಸಾಲ್ಕಿನ್ ತಲೆ ಬಗ್ಗಿಸಿಕೊಂಡೇ ಹೇಳಿದಳು: "ಈ ಫೈಲು ಸಂಬಂಧ ಕೇಳೋಕೆ ಬಂದಿದ್ದಲ್ಲ ಅನ್ಸುತ್ತೆ ಅಕ್ಸಕಲ್. ಎಲ್ಲೋ ದೂರದಿಂದ ಹೊರಟಿದ್ದು, ದಾರೀಲಿ ಬದಲಾಗದೆ ಅದೇ ಬಂದಿದೆಯಾ ಅಂತ ಗುರುತು ಹಿಡಿಯೋಕೆ ಚೀಟಿ ಕೊಟ್ಟಿರೋದು. ಅರವತ್ತನಾಲ್ಕೂ ಸರಿಯಾಗಿ ಹೇಳಿದವನನ್ನ ನಾವು ಬಾಗಿಲಲ್ಲೇ ನಿಲ್ಲಿಸಿದ್ವಿ. ಏಳರಲ್ಲಿ ಒಂದೂ ಹೇಳೋಕೆ ಬಾರದವನನ್ನ ಒಳಗೆ ಕರೆದು ಆಶೀರ್ವಾದ ಮಾಡಿದ್ವಿ."

ಮನೆಯಲ್ಲಿದ್ದ ಹದಿನೇಳು ಜನ ಅಕ್ಸಕಲರ ಮುಖ ನೋಡಿದರು. ಅಕ್ಸಕಲ್ ಗಡ್ಡವನ್ನು ಬುಡದಿಂದ ತುದಿಯವರೆಗೆ ಒಮ್ಮೆ ಸವರಿದರು. ಅದು ಉದ್ದದ ಗಡ್ಡ. ಯೋಚನೆಗೆ ಬೇಕಾದಷ್ಟು ಸಮಯ ಸಿಕ್ಕಿತು.

"ನಾನು ನಿನ್ನೇನೇ ಹೇಳಿದೆ ಇದನ್ನ" ಎಂದರು. "ಇವೆರಡೂ ಒಂದೇ ಮಗು ಅಂತ. ಈ ಜಾಪಾರ್ ಎಲ್ಲಿ ಕೇಳಿಸ್ಕೊಳ್ಳೋಕೆ ಬಿಟ್ಟ?"

"ನಾನಾ!" ಎಂದ ಜಾಪಾರ್.

"ಆ ಎರಡು ಗುಂಡಿ ಒತ್ತಿದ್ರೆ ಪಟ್ಟಿ ಈಗ್ಲೂ ಬರುತ್ತಾ?" ಎಂದು ಸಾಲ್ಕಿನ್ ಗಂಡನನ್ನು ಕೇಳಿದಳು.

ಶಾರ್ಶೆನ್ ಒತ್ತಲು ಹೋದ. ಒಂದನ್ನು ಒತ್ತಿದರೆ ಇನ್ನೊಂದು ಜಾರುತ್ತಿತ್ತು. ಮೂರು ಸಲ ಹಾಗಾದ ಮೇಲೆ ಅವಳೇ ಎದ್ದು ಬಂದು ಫೋನು ತೆಗೆದುಕೊಂಡಳು. ಉಣ್ಣೆಯ ಹೂವಿನ ಅಂಚನ್ನು ಎಳೆ ತಪ್ಪದೆ ಕತ್ತರಿಸುವ ಬೆರಳುಗಳು. ಪಟ್ಟಿ ಬಂತು. ಮೊದಲ ಫೈಲನ್ನು ಆರಿಸಿದಳು. ಒತ್ತುವ ಮೊದಲು ಚೀಟಿ ತರಿಸಿ ಅರವತ್ತನಾಲ್ಕನ್ನೂ ಶನಿವಾರ ತಾನೇ ನಕ್ಷೆಯ ಅಂಚಿನಲ್ಲಿ ಬರೆದುಕೊಂಡಿದ್ದರ ಜೊತೆ ಇನ್ನೊಮ್ಮೆ ತಾಳೆ ನೋಡಿದಳು. ಈ ಸಲ ಒಂದೊಂದು ಹೊಂದಿದಾಗಲೂ ಜನ ತೊಡೆ ತಟ್ಟಿದರು. ನಿನ್ನೆ ಹೊಂದದಿದ್ದಾಗ ತಟ್ಟಿದ ತೊಡೆಗಳೇ ಅವು.

ನೀಲಿ ಗೆರೆ ಹೊರಟಿತು. ಅರ್ಧ ದಾಟಿತು. ಪೂರ್ತಿಯಾಯಿತು. ಸ್ವಲ್ಪ ಹೊತ್ತಿಗೆ ಫೋನು ತಿಳಿ ಬೆಳಕಿನ ಮುಖ ತೋರಿಸಿ, ನಿಮ್ಮ ಭಾಷೆ ಯಾವುದು ಎಂದು ವಿನಯವಾಗಿ ಕೇಳಿತು. ಅಕ್ಸಕಲ್ ಕಣ್ಣೊರೆಸಿಕೊಂಡು, "ನೋಡಿ, ಮನೆ ಹುಡುಗ ಮಾತಾಡೋ ರೀತಿ" ಎಂದರು.

ಸೋಮವಾರ ಹನ್ನೊಂದು ಫೋನುಗಳು ಶಾಯ್ಲೋಬೆಕ್‌ನ ಮೇಜಿನ ಮೇಲೆ ಸಾಲಾಗಿ ಮಲಗಿದವು. ಶಾರ್ಶೆನ್‌ನದು ಎಲ್ಲಕ್ಕಿಂತ ಮೊದಲು ತೆರೆಯಿತು. ಏಳು ಜನರದ್ದು ತೆರೆಯಲೇ ಇಲ್ಲ.

"ಇದನ್ನ ನೀನೇ ಮಾಡಿದ್ದಾ?" ಶಾಯ್ಲೋಬೆಕ್ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ನಾನೇ" ಎಂದ ಶಾರ್ಶೆನ್. ಶುಕ್ರವಾರದ ಮೌನ ಮತ್ತೆ ಬಂದು ಅವನ ಸುತ್ತ ನಿಂತಿತು. ಇನ್ನೂ ರುಚಿಯಾಗಿತ್ತು.

ಶಾಯ್ಲೋಬೆಕ್ ಎದ್ದು ನಿಂತ. ಭಾಷಣ ಬರುವ ಲಕ್ಷಣ. "ಗೆಳೆಯರೇ! ನಮ್ಮ ನಡುವೆ ಇಂಥ ರತ್ನ ಇತ್ತು, ನಾವು ಅದನ್ನ ಬೀದಿ ಬೀದಿ ಅಲೆಸ್ತಿದ್ವಿ. ಇನ್ನು ಅದಾಗೋದಿಲ್ಲ. ಇವತ್ತಿನಿಂದ ಶಾರ್ಶೆನ್ ಒಳಗಿನ ಕೋಣೆಯಲ್ಲಿ ಕೂತ್ಕೋತಾನೆ. ಈ ಏಳು ಫೋನು, ಆಮೇಲೆ ಪಕ್ಕದ ಕಚೇರಿಗಳದ್ದು, ಆಮೇಲೆ ಇಡೀ ಜಿಲ್ಲೇದು. ಅವನ ಬೀದಿಗಳನ್ನ ಉಳಿದವರು ಹಂಚ್ಕೊಳ್ಳಿ!"

ಚಪ್ಪಾಳೆ ಬಿತ್ತು. ಶಾಯ್ಲೋಬೆಕ್ ತಾನೇ ಕೈಹಿಡಿದು ಒಳಗಿನ ಕೋಣೆ ತೋರಿಸಿದ. ಒಂದು ಕುರ್ಚಿ, ಒಂದು ಮೇಜು. ಕಿಟಕಿಯ ಆಚೆ ಒಂದು ಗೋಡೆ, ಗೋಡೆಯ ಆಚೆ ಕಂಬದ ಗೋದಾಮು.

ಶಾರ್ಶೆನ್ ಕುರ್ಚಿಯಲ್ಲಿ ಕೂತ. ಗೋಡೆಯನ್ನು ನೋಡಿದ. ಹೊಳೆಯಾಚೆ ಈ ಹೊತ್ತಿಗೆ ಒಂದನೇ ನಂಬರಿನ ಮನೆಯಲ್ಲಿ ಹಾಲು ಕಾಯುತ್ತಿರುತ್ತದೆ. ನಾಲ್ಕನೇ ನಂಬರಿನ ಸೊಸೆ ತವರಿಂದ ಬಂದಳೋ ಇಲ್ಲವೋ ಇನ್ನು ತಿಳಿಯುವ ಬಗೆಯಿಲ್ಲ. ಹೊರಗೆ ಅವನ ಬೀದಿಗಳನ್ನು ಹಂಚಿಕೊಳ್ಳುತ್ತಿದ್ದವರು ಒಳ್ಳೆಯ ಬೋರ್ಸೋಕ್ ಸಿಗುವ ಮನೆಗಳಿಗಾಗಿ ಜಗಳವಾಡುವುದು ಕೇಳಿಸಿತು. ಅವನು ಎದ್ದ. ಬಾಗಿಲಿಗೆ ಬಂದ.

"ಬಾಸ್... ನಾನೇ ಅಂದ್ರೆ, ನಮ್ಮ ಮನೇಲೇ ಅಂತ."

"ಅಂದ್ರೆ?"

"ಮನೇಲಿ ಅಂದ್ರೆ, ಮನೆಯಾಕೆ. ನಾನು ಹಾಕಿದ್ದು ಕಲ್ಲಾಯ್ತು. ಸರಿಮಾಡಿದ್ದು ಸಾಲ್ಕಿನ್. ನಂಗೆ ಎರಡು ಗುಂಡಿ ಒಟ್ಟಿಗೆ ಒತ್ತೋಕೂ ಬರಲ್ಲ. ದೇವರಾಣೆ ಬರಲ್ಲ. ಬೇಕಾದ್ರೆ ಒತ್ತಿ ತೋರಿಸ್ತೀನಿ."

ಕಚೇರಿ ನಕ್ಕಿದ್ದು ಹೊಳೆಯಾಚೆಗೂ ಕೇಳಿಸಿತಂತೆ. ಶಾಯ್ಲೋಬೆಕ್ ಒಬ್ಬ ನಗಲಿಲ್ಲ, ಭಾಷಣ ಮಾಡಿಯಾಗಿತ್ತು, ಖಾಲಿ ಕುರ್ಚಿಗೆ ಯಾರಾದರೂ ಬೇಕಿತ್ತು.

"ಹಾಗಾದ್ರೆ ಹೋಗಿ ಅವಳನ್ನ ಕರ್ಕೊಂಡು ಬಾ" ಎಂದ.

ಸಾಲ್ಕಿನ್ ತಾತ್ಕಾಲಿಕ ಎಂದು ಆ ಕುರ್ಚಿಯಲ್ಲಿ ಕೂತಳು. ಮೊದಲ ದಿನವೇ ಗೋಡೆ ಕಾಣಬಾರದೆಂದು ಕಿಟಕಿಗೆ ಉಣ್ಣೆಯ ಪರದೆ ಕಟ್ಟಿದಳು. ಮೂರನೆಯ ದಿನ ಬಿಷ್ಕೆಕ್‌ನಿಂದ ಬಂದ ಬುರ್ಮಾಕಾನ್ ಎಜೆ ಸುದ್ದಿಯೆಲ್ಲ ಕೇಳಿ, ಶಾರ್ಶೆನ್‌ನ ಕಿವಿಯನ್ನು ನಲವತ್ತರ ಮೇಲೆ ಏಳು ವರ್ಷವಾಗಿದ್ದರೂ ಲೆಕ್ಕಿಸದೆ ಹಿಂಡಿದಳು. ತಾತ್ಕಾಲಿಕ ಎಂಬುದು ಈಗಲೂ ಮುಂದುವರಿದಿದೆ.

ಶಾರ್ಶೆನ್‌ಗೆ ಬೀದಿಗಳು ವಾಪಸಾದವು. ಮಂಗಳವಾರ ಬೆಳಿಗ್ಗೆ ಒಂದನೇ ನಂಬರಿನ ಮನೆಯ ಬಾಗಿಲು ತಟ್ಟಿದ. ಮನೆಯ ಅಜ್ಜಿ ಬಾಗಿಲು ತೆರೆದು, ಅವನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ತಿರುಗಿ ಕೂಗಿದಳು:

"ಚಹಾ ಇಡೇ! ಆ ಫೋನು ರಿಪೇರಿ ಸಾಲ್ಕಿನ್‌ಳ ಗಂಡ ಬಂದಿದಾನೆ!"

ಇಪ್ಪತ್ತಮೂರು ವರ್ಷ ಓದಿದ ಮೀಟರಿನ ಕೆಳಗೆ ನಿಂತು ಅವನು ಅಜ್ಜಿಯ ಮಾತನ್ನು ತಿದ್ದಬೇಕೆಂದುಕೊಂಡ. ಮಾತು ನಾಲಿಗೆಯ ತುದಿಗೆ ಬಂದೂ ಬಂತು. ಅಷ್ಟರಲ್ಲಿ ಬಿಸಿ ಬಟ್ಟಲು ಕೈಗೆ ಬಂತು, ಜೊತೆಗೆ ರೊಟ್ಟಿ. ಅಜ್ಜಿ ಪಕ್ಕದಲ್ಲೇ ಕೂತು, ನಾಲ್ಕನೇ ನಂಬರಿನ ಸೊಸೆ ಬಂದಳು, ಆದರೆ ಹೇಗೆ ಬಂದಳು ಗೊತ್ತಾ ಎಂದು ಶುರುಮಾಡಿದಳು.

ಶಾರ್ಶೆನ್ ರೊಟ್ಟಿ ಮುರಿದು ದೇವರ ಹೆಸರು ಹೇಳಿದ. ಎರಡನೆಯ ಬಟ್ಟಲಿಗೆ ಬರುವ ಹೊತ್ತಿಗೆ ಆ ಹೊಸ ಹೆಸರು ಅಷ್ಟೇನೂ ಭಾರವೆನಿಸಲಿಲ್ಲ.